ಮಲಗುವ ಮುನ್ನ ಬರೆದಿಟ್ಟ ಒಂದು ಸಾಲು

ರಾತ್ರಿ ಹನ್ನೆರಡೂ ಕಾಲು. ಮನೆಯವರೆಲ್ಲ ಮಲಗಿದ್ದಾರೆ. ಮೂಲೆಯ ಕೋಣೆಯಲ್ಲಿ ಮಾನಿಟರ್ ಆರಿಸಿದ ಕಂಪ್ಯೂಟರೊಂದು ಸಣ್ಣಗೆ ಗುಂಯ್‌ಗುಡುತ್ತಿದೆ. ಅದರ ಪಕ್ಕದಲ್ಲಿ ಕೆಂಪು ದೀಪಗಳ ಸಾಲಿರುವ ಮೋಡೆಮ್. ಫೋನು ಒಂದು ಸಲ ರಿಂಗಾಗುತ್ತದೆ. ಯಾರೂ ಎದ್ದು ಬರುವುದಿಲ್ಲ. ಮೋಡೆಮ್ ತಾನೇ ಕರೆಯನ್ನು ಎತ್ತಿಕೊಂಡು, ಆಚೆ ಬದಿಯ ಮೋಡೆಮ್ ಜೊತೆ ಕೀರಲು ದನಿಯಲ್ಲಿ ಮಾತಾಡಿ, ‘ಕನೆಕ್ಟ್ 2400’ ಎಂದು ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ. ಮರುಕ್ಷಣವೇ, ನೋಡುವವರಿಲ್ಲದ ಪರದೆಯ ಮೇಲೆ ಒಂದು ಸಾಲು ಓಡುತ್ತದೆ:

ಮ್ಯಾಕ್ಸ್ -ಪಿ1 -ಬಿ2400 -ಟಿ45

1990ರ ಆಸುಪಾಸಿನಲ್ಲಿ ಅಮೆರಿಕ, ಕೆನಡಾ, ಯುರೋಪ್, ಆಸ್ಟ್ರೇಲಿಯಾಗಳ ಸಾವಿರಾರು ಮನೆಗಳಲ್ಲಿ ರಾತ್ರಿ ಬೆಳಗಾಗುವವರೆಗೆ ನಡೆಯುತ್ತಿದ್ದದ್ದು ಇದೇ. ಇಂಟರ್‌ನೆಟ್ ಮನೆಮನೆಗೆ ಬರುವ ಮೊದಲು, ಒಂದು ಕಂಪ್ಯೂಟರ್, ಒಂದು ಮೋಡೆಮ್ ಮತ್ತು ಒಂದು ಫೋನ್ ಲೈನ್ ಇದ್ದವರು ಊರಿನವರಿಗೆಲ್ಲ ತೆರೆದಿಟ್ಟ ಜಗಲಿಗೆ ಬುಲೆಟಿನ್ ಬೋರ್ಡ್ ಸಿಸ್ಟಮ್, ಚುಟುಕಾಗಿ ಬಿಬಿಎಸ್, ಎಂದು ಹೆಸರು. ಬಂದವರು ಸಂದೇಶ ಓದುತ್ತಿದ್ದರು, ಉತ್ತರ ಬರೆಯುತ್ತಿದ್ದರು, ಫೈಲು ಇಳಿಸಿಕೊಳ್ಳುತ್ತಿದ್ದರು, ಆಟವಾಡಿ ಹೋಗುತ್ತಿದ್ದರು. ಅದನ್ನು ನಡೆಸುವವರನ್ನು ಸಿಸ್ಟಮ್ ಆಪರೇಟರ್ ಎನ್ನುತ್ತಿದ್ದರು, ಬಾಯಿಮಾತಿನಲ್ಲಿ ‘ಸಿಸಾಪ್’.

ಮೇಲಿನ ಸಾಲಿನ ‘ಮ್ಯಾಕ್ಸ್’ ಎಂದರೆ ಕೆನಡಾದ ಸ್ಕಾಟ್ ಡಡ್ಲಿ ಬರೆದ ಮ್ಯಾಕ್ಸಿಮಸ್ ಎಂಬ ಬಿಬಿಎಸ್ ತಂತ್ರಾಂಶ. ಅದರ ಬೆನ್ನಿಗೆ ಬಂದ ಮೂರು ತುಣುಕುಗಳು, ಪ್ರೋಗ್ರಾಂ ಹೇಗೆ ನಡೆಯಬೇಕೆಂದು ಅದರ ಹೆಸರಿನ ಮುಂದೆ ಬರೆಯುವ ಸೂಚನೆಗಳು, ಅಂದರೆ ಕಮಾಂಡ್ ಲೈನ್ ಆಪ್ಷನ್‌ಗಳು. ಇಂಗ್ಲಿಷಿನ ‘ಪಿ’ ಅಕ್ಷರ ಮೋಡೆಮ್ ಯಾವ ಪೋರ್ಟಿನಲ್ಲಿದೆ ಎನ್ನುತ್ತದೆ. ‘ಬಿ’ ಅಂದರೆ ಬಾಡ್, ಸಂಪರ್ಕದ ವೇಗ. ‘ಟಿ’ ಅಂದರೆ ಟೈಮ್: ಬಂದಿರುವವರಿಗೆ ನಲವತ್ತೈದು ನಿಮಿಷ ಮಾತ್ರ, ಆಮೇಲೆ ಈ ಯಂತ್ರಕ್ಕೆ ಬೇರೆ ಕೆಲಸವಿದೆ. ನಿದ್ದೆಗೆ ಹೋದ ಸಿಸಾಪ್ ತನ್ನ ಯಂತ್ರಕ್ಕೆ ಬರೆದಿಟ್ಟು ಹೋದ ಚೀಟಿ ಅದು.

ಬಿಬಿಎಸ್‌ಗಳ ಕಾಲವನ್ನು ನೆನೆಯುವವರು ಅಲ್ಲಿ ನಡೆದ ಹರಟೆಯನ್ನು, ಸ್ನೇಹವನ್ನು, ಜಗಳವನ್ನು ನೆನೆಯುತ್ತಾರೆ. ಆ ಜಗಲಿಗೆ ರಾತ್ರಿಯಿಡೀ ದೀಪ ಉರಿಸಿಟ್ಟ ಈ ಒಂದೊಂದು ಅಕ್ಷರದ ಆಪ್ಷನ್‌ಗಳಿಗೂ ಅಷ್ಟೇ ನೆನಪು ಸಲ್ಲಬೇಕು. ಒಂದೇ ಫೋನ್ ಲೈನು, ದುಬಾರಿ ದೂರದ ಕರೆ, ಆಮೆವೇಗದ ಮೋಡೆಮ್, ಒಂದು ಸಲಕ್ಕೆ ಒಂದೇ ಕೆಲಸ ಮಾಡಬಲ್ಲ ಡಾಸ್ ಎಂಬ ಕಾರ್ಯಾಚರಣ ವ್ಯವಸ್ಥೆ. ಇಷ್ಟೂ ಅಡಚಣೆಗಳನ್ನು ಹವ್ಯಾಸಿಗಳು ಹೇಗೆ ದಾಟಿದರು ಎಂಬುದಕ್ಕೆ ಆ ಅಕ್ಷರಗಳೇ ದಾಖಲೆ.

ಚಿಕಾಗೊದ ಹಿಮದಲ್ಲಿ

ಮೊದಲ ಬಿಬಿಎಸ್‌ಗೆ ಇಂಥ ಚೀಟಿಯ ಅಗತ್ಯವೇ ಇರಲಿಲ್ಲ. 1978ರ ಜನವರಿಯಲ್ಲಿ ಚಿಕಾಗೊ ನಗರ ಹಿಮದಲ್ಲಿ ಹೂತು ಹೋಗಿತ್ತು. ಐಬಿಎಂ ಉದ್ಯೋಗಿ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ಆತನ ಗೆಳೆಯ ರ‍್ಯಾಂಡಿ ಸ್ಯೂಸ್ ಇಬ್ಬರೂ ಊರಿನ ಕಂಪ್ಯೂಟರ್ ಹವ್ಯಾಸಿಗಳ ಸಂಘದ ಸದಸ್ಯರು. ಸಂಘದ ಗೋಡೆಯ ಮೇಲೆ ಚೀಟಿ ಚುಚ್ಚುವ ಹಲಗೆ ಇರುತ್ತದಲ್ಲ, ಅದನ್ನೇ ಕಂಪ್ಯೂಟರಿನೊಳಗೆ ತಂದರೆ ಹೇಗೆ ಎಂಬ ಯೋಚನೆ ಬಂತು. ಕ್ರಿಸ್ಟೆನ್ಸನ್ ತಂತ್ರಾಂಶ ಬರೆದರು, ಸ್ಯೂಸ್ ಯಂತ್ರ ಜೋಡಿಸಿದರು. ಆ ವರ್ಷದ ಫೆಬ್ರವರಿ 16ರಂದು ‘ಸಿಬಿಬಿಎಸ್’ ಶುರುವಾಯಿತು. ಅದೇ ನವೆಂಬರಿನಲ್ಲಿ ‘ಬೈಟ್’ ಪತ್ರಿಕೆಯಲ್ಲಿ ಇಬ್ಬರೂ ಅದರ ಬಗ್ಗೆ ಬರೆದರು. ನಕಲುಗಳು ಊರೂರಿನಲ್ಲಿ ತಲೆಯೆತ್ತಿದವು.

ಸ್ಯೂಸ್ ಮಾಡಿದ ಏರ್ಪಾಟು ಸರಳ, ಸೊಗಸು. ಫೋನು ರಿಂಗಾದ ಕೂಡಲೇ ಕಂಪ್ಯೂಟರ್ ಹೊಸದಾಗಿ ಬೂಟ್ ಆಗುತ್ತಿತ್ತು, ಫ್ಲಾಪಿಯಿಂದ ಬೋರ್ಡಿನ ತಂತ್ರಾಂಶವನ್ನು ಎತ್ತಿಕೊಳ್ಳುತ್ತಿತ್ತು, ಕರೆ ಮಾಡಿದವರಿಗೆ ಬಾಗಿಲು ತೆರೆಯುತ್ತಿತ್ತು. ಒಂದೇ ಯಂತ್ರ, ಒಂದೇ ಲೈನು, ಒಂದೇ ಕೆಲಸ. ಹೀಗಿರುವಾಗ ತಂತ್ರಾಂಶಕ್ಕೆ ಬೇರೆ ಏನನ್ನೂ ಹೇಳಿಕೊಡಬೇಕಾಗಿರಲಿಲ್ಲ.

ಅಲ್ಲಿನ ಮೋಡೆಮ್‌ನ ವೇಗ ಸೆಕೆಂಡಿಗೆ 300 ಬಿಟ್, ಅಂದರೆ ಸುಮಾರು 30 ಅಕ್ಷರ. ಎಂಬತ್ತು ಅಕ್ಷರ ಅಗಲ, ಇಪ್ಪತ್ತೈದು ಸಾಲಿನ ಒಂದು ಪರದೆ ತುಂಬಲು ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಬೇಕು. ಓದುವವರ ಕಣ್ಣು ಸಾಲಿನ ಕೊನೆಗೆ ಬಂದು ಮುಂದಿನ ಅಕ್ಷರಕ್ಕಾಗಿ ಕಾಯುತ್ತಿತ್ತು.

ಒಂದು ಲೈನು, ಎರಡು ಕೆಲಸ

ಚೀಟಿಯ ಅಗತ್ಯ ಹುಟ್ಟಿದ್ದು ಆರು ವರ್ಷಗಳ ನಂತರ. 1984ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಟಾಮ್ ಜೆನ್ನಿಂಗ್ಸ್ ತಮ್ಮ ‘ಫೈಡೊ’ ಬಿಬಿಎಸ್‌ಗೆ ಒಂದು ಹೊಸ ಗುಣ ಸೇರಿಸಿದರು. ಬಾಲ್ಟಿಮೋರ್‌ನಲ್ಲಿದ್ದ ಜಾನ್ ಮ್ಯಾಡಿಲ್ ಅವರ ಫೈಡೊ ಜೊತೆ ತಮ್ಮದು ರಾತ್ರಿ ಹೊತ್ತು ತಾನಾಗಿಯೇ ಫೋನಿನಲ್ಲಿ ಮಾತಾಡಿ, ಟಪಾಲು ಬದಲಾಯಿಸಿಕೊಳ್ಳುವ ವ್ಯವಸ್ಥೆ. ಅದೇ ಫೈಡೊನೆಟ್. ಒಂದು ಬೋರ್ಡಿನಲ್ಲಿ ಬರೆದ ಕಾಗದ ಒಂದೆರಡು ರಾತ್ರಿಗಳಲ್ಲಿ ಖಂಡದ ಇನ್ನೊಂದು ತುದಿ ತಲುಪುತ್ತಿತ್ತು. 1990ರ ದಶಕದ ನಡುವಿಗೆ ಈ ಜಾಲದ ಪಟ್ಟಿಯಲ್ಲಿ 35 ಸಾವಿರಕ್ಕೂ ಹೆಚ್ಚು ಬೋರ್ಡುಗಳಿದ್ದವು.

ರಾತ್ರಿಯೇ ಏಕೆ ಎಂದು ನಮ್ಮಲ್ಲಿ ಎಸ್‌ಟಿಡಿ ಬೂತಿನ ಮುಂದೆ ಹನ್ನೊಂದು ಗಂಟೆ ಹೊಡೆಯುವುದನ್ನೇ ಕಾದು ನಿಂತವರಿಗೆ ಬಿಡಿಸಿ ಹೇಳಬೇಕಿಲ್ಲ. ಅಮೆರಿಕದಲ್ಲೂ ದೂರದ ಕರೆಯ ದರ ರಾತ್ರಿ ಇಳಿಯುತ್ತಿತ್ತು. ಉತ್ತರ ಅಮೆರಿಕದ ಫೈಡೊನೆಟ್‌ಗೆ ಟಪಾಲಿನ ಗಂಟೆ ಎಂದು ಒಂದು ಹೊತ್ತು ಗೊತ್ತಾಗಿತ್ತು. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಚಳಿಗಾಲದ ಗಡಿಯಾರ ರಾತ್ರಿ 1 ತೋರಿಸುವಾಗ ಶುರು, 2ಕ್ಕೆ ಮುಕ್ತಾಯ. ಆ ಒಂದು ಗಂಟೆ ಪ್ರತಿ ಬೋರ್ಡೂ ತನ್ನ ಫೋನನ್ನು ಟಪಾಲಿಗೆ ಮಾತ್ರ ಮೀಸಲಿಡಬೇಕು. ಆ ಹೊತ್ತಿನಲ್ಲಿ ಹರಟೆಗೆ ಬಂದವರು ಲೈನು ಹಿಡಿದು ಕೂತಿದ್ದರೆ ಬೇರೆ ಊರಿನ ಕಾಗದ ಬಾಗಿಲಿನಿಂದಲೇ ವಾಪಸು.

‘-ಟಿ45’ ಎಂಬ ಆಪ್ಷನ್ ಬಂದದ್ದು ಈ ಕಾರಣಕ್ಕೆ. ಟಪಾಲಿನ ಗಂಟೆಗೆ ನಲವತ್ತೈದು ನಿಮಿಷ ಉಳಿದಿದ್ದರೆ, ಬಂದವರಿಗೆ ದಿನಕ್ಕೆ ಒಂದು ಗಂಟೆಯ ಪಾಲು ಇದ್ದರೂ ಆ ರಾತ್ರಿ ಸಿಗುವುದು ನಲವತ್ತೈದು ನಿಮಿಷವೇ. ಒಂದು ಅಕ್ಷರ, ಒಂದು ಸಂಖ್ಯೆ. ಅದರ ಬೆನ್ನಿಗೆ ಒಂದು ಇಡೀ ಖಂಡದ ಫೋನ್ ದರಪಟ್ಟಿ.

ಈಗ ಯಂತ್ರಕ್ಕೆ ಎರಡು ಕೆಲಸವಾಯಿತು. ಬರುವ ಕರೆ ಟಪಾಲಿನದೋ ಮನುಷ್ಯರದೋ ಎಂದು ಮೊದಲು ನೋಡಬೇಕು, ಆಮೇಲೆ ತಕ್ಕ ತಂತ್ರಾಂಶಕ್ಕೆ ಒಪ್ಪಿಸಬೇಕು. ಹೀಗೆ ಬಾಗಿಲು ಕಾಯುವ ತಂತ್ರಾಂಶಗಳು ಪ್ರತ್ಯೇಕವಾಗಿಯೇ ಬಂದವು. ಅವುಗಳಲ್ಲೊಂದರ ಹೆಸರು ‘ಫ್ರಂಟ್‌ಡೋರ್’, ಅಂದರೆ ಮುಂಬಾಗಿಲು. ಇನ್ನೊಂದು ಬಿಂಕ್ಲಿಟರ್ಮ್. ಅದನ್ನು ಚಾಲೂ ಮಾಡುವ ಆಜ್ಞೆ ‘ಬಿಟಿ ಅನ್‌ಅಟೆಂಡೆಡ್’: ಇಲ್ಲಿ ಯಾರೂ ಇಲ್ಲ, ನೀನೇ ನೋಡಿಕೋ ಎಂಬ ಅರ್ಥ. ಸಿಸಾಪ್‌ಗಳು ಮಲಗುವ ಮುನ್ನ ಟೈಪಿಸುತ್ತಿದ್ದದ್ದು ಇದನ್ನು.

ಮೊದಲು ದೊಡ್ಡ ಸಂಖ್ಯೆ

ಬಾಗಿಲ ಕಾವಲಿನ ತಂತ್ರಾಂಶ ಕರೆಯನ್ನು ಎತ್ತಿತು, ಬಂದದ್ದು ಮನುಷ್ಯರೇ ಎಂದು ಖಾತ್ರಿಯಾಯಿತು. ಆದರೆ ಡಾಸ್‌ನಲ್ಲಿ ಒಂದು ಸಲಕ್ಕೆ ಒಂದೇ ಪ್ರೋಗ್ರಾಂ. ಕಾವಲುಗಾರ ತನ್ನ ಕೆಲಸ ಮುಗಿಸಿ ಹೊರಟ ಮೇಲಷ್ಟೇ ಬೋರ್ಡಿನ ತಂತ್ರಾಂಶ ಒಳಗೆ ಬರಲು ಸಾಧ್ಯ. ಹೊರಡುವವನು ತನಗೆ ತಿಳಿದದ್ದನ್ನು ಬರುವವನಿಗೆ ಹೇಗೆ ದಾಟಿಸಬೇಕು?

ಮೊದಲ ಉಪಾಯ ಎರರ್‌ಲೆವೆಲ್. ಡಾಸ್‌ನಲ್ಲಿ ಯಾವ ಪ್ರೋಗ್ರಾಂ ಮುಗಿದರೂ 0ರಿಂದ 255ರ ನಡುವಿನ ಒಂದು ಸಂಖ್ಯೆಯನ್ನು ಹಿಂದೆ ಬಿಟ್ಟು ಹೋಗಬಹುದು. ಹೆಸರಿನಲ್ಲಿ ದೋಷವಿದ್ದರೂ ಬಿಬಿಎಸ್ ಲೋಕದಲ್ಲಿ ಅದು ದೋಷದ ಸೂಚನೆಯಾಗಿರಲಿಲ್ಲ, ಸಂಕೇತಭಾಷೆಯಾಗಿತ್ತು. ಬಿಂಕ್ಲಿಟರ್ಮ್ ಸಂಪರ್ಕದ ವೇಗವನ್ನು ನೂರರಿಂದ ಭಾಗಿಸಿ ಬಿಡುತ್ತಿತ್ತು. 300 ಇದ್ದರೆ 3, 1200 ಇದ್ದರೆ 12, 2400 ಇದ್ದರೆ 24. ಅದನ್ನು ಕರೆದ ಬ್ಯಾಚ್ ಫೈಲು, ಅಂದರೆ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಕಡತ, ಆ ಸಂಖ್ಯೆ ನೋಡಿ ಮುಂದಿನ ದಾರಿ ಹಿಡಿಯುತ್ತಿತ್ತು.

ಇಲ್ಲೊಂದು ತೊಡಕಿತ್ತು. ‘ಇಫ್ ಎರರ್‌ಲೆವೆಲ್ 12’ ಎಂಬ ಡಾಸ್ ಸಾಲು ಸಂಖ್ಯೆ 12 ಇದ್ದರೆ ಮಾತ್ರ ನಿಜವಾಗುವುದಿಲ್ಲ. 12 ಅಥವಾ ಅದಕ್ಕಿಂತ ಹೆಚ್ಚು ಏನಿದ್ದರೂ ನಿಜವಾಗುತ್ತದೆ. ಆದ್ದರಿಂದ ಬ್ಯಾಚ್ ಫೈಲಿನಲ್ಲಿ ಯಾವಾಗಲೂ ದೊಡ್ಡ ಸಂಖ್ಯೆಯನ್ನೇ ಮೊದಲು ಕೇಳಬೇಕು: ಮೊದಲು 96, ಆಮೇಲೆ 24, ಆಮೇಲೆ 12, ಕೊನೆಗೆ 3. ಸಣ್ಣದರಿಂದ ಹತ್ತುತ್ತಾ ಹೋದರೆ ಎಲ್ಲ ಕರೆಗಳೂ ಮೊದಲ ಪ್ರಶ್ನೆಗೇ ‘ಹೌದು’ ಎಂದು 300ರ ದಾರಿ ಹಿಡಿಯುತ್ತವೆ. ಕಾಳು ಬೇರ್ಪಡಿಸುವವರು ಜರಡಿಯ ಕಣ್ಣಿನ ಅಳತೆ ನೋಡಿ ಸರದಿ ಇಡುವ ಹಾಗೆ ಸಿಸಾಪ್‌ಗಳು ಈ ಸಾಲುಗಳನ್ನು ಜೋಡಿಸಲು ಕಲಿತರು. ಪ್ರೋಗ್ರಾಮಿಂಗ್ ಓದದ ಅಂಗಡಿಯವರು, ಮೇಷ್ಟರುಗಳು, ಹೈಸ್ಕೂಲು ಹುಡುಗರು ತರ್ಕದ ಈ ಪಾಠವನ್ನು ತಮ್ಮ ಮನೆಯ ಫೋನಿನಿಂದ ಕಲಿತದ್ದು ಸಣ್ಣ ಸಂಗತಿಯಲ್ಲ.

ಎರರ್‌ಲೆವೆಲ್‌ಗೆ ಮಿತಿಯೂ ಇತ್ತು. ಅದು ಒಂದೇ ಸಂಖ್ಯೆ, ಒಂದೇ ಸುದ್ದಿ. ವೇಗ ಹೇಳಿದರೆ ಸಮಯ ಹೇಳಲು ಜಾಗವಿಲ್ಲ. ಮುಂದೆ 28,800ರ ಮೋಡೆಮ್ ಬಂದಾಗ 288 ಎಂಬ ಸಂಖ್ಯೆ 255ರ ಚೌಕಟ್ಟಿಗೆ ಹಿಡಿಸುವುದೂ ಇಲ್ಲ. ಹಾಗಾಗಿ ಎರಡನೆಯ ಉಪಾಯ ಗೆದ್ದಿತು. ಕಾವಲಿನ ತಂತ್ರಾಂಶವು ವೇಗ, ಪೋರ್ಟು, ಉಳಿದ ನಿಮಿಷ ಎಲ್ಲವನ್ನೂ ಸಾಲಾಗಿ ಒಂದು ಬ್ಯಾಚ್ ಫೈಲಿಗೆ ದಾಟಿಸುತ್ತದೆ. ಆ ಫೈಲಿನೊಳಗೆ ಸಿಸಾಪ್ ‘ಮ್ಯಾಕ್ಸ್ -ಬಿ%1 -ಪಿ%2 -ಟಿ%3’ ಎಂದು ಒಮ್ಮೆ ಬರೆದಿಟ್ಟರೆ ಸಾಕು. ಶೇಕಡಾ ಚಿಹ್ನೆಯ ಜಾಗದಲ್ಲಿ ಆಯಾ ಕರೆಯ ವಿವರ ತಾನಾಗಿ ಬಂದು ಕೂರುತ್ತದೆ. ಆಸ್ಟ್ರೇಲಿಯಾದ ಆಂಡ್ರ್ಯೂ ಮಿಲ್ನರ್ ಬರೆದ ರಿಮೋಟ್‌ಆಕ್ಸೆಸ್ ಎಂಬ ಹೆಸರುವಾಸಿ ತಂತ್ರಾಂಶವೂ ಬಿ, ಪಿ, ಟಿ ಎಂಬ ಇವೇ ಅಕ್ಷರಗಳನ್ನು ಬಳಸಿತು. ಯಾವ ಸಮಿತಿಯೂ ಕೂತು ನಿರ್ಧರಿಸದೆ, ಬಳಕೆಯಿಂದಲೇ ಒಂದು ಸಮಾನ ಪರಿಭಾಷೆ ರೂಪುಗೊಂಡಿತು.

ವೇಗ ಎರಡಾದಾಗ

ಮೊದಮೊದಲು ‘ಬಿ’ ಆಪ್ಷನ್ ಸರಳವಾಗಿತ್ತು. ಮೋಡೆಮ್ ಆಚೆಯ ಮೋಡೆಮ್ ಜೊತೆ ಯಾವ ವೇಗದಲ್ಲಿ ಮಾತಾಡುತ್ತದೋ ಕಂಪ್ಯೂಟರ್ ತನ್ನ ಮೋಡೆಮ್ ಜೊತೆಗೂ ಅದೇ ವೇಗದಲ್ಲಿ ಮಾತಾಡಬೇಕು. ಇಲ್ಲವಾದರೆ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು.

ಆಮೇಲೆ ದತ್ತಾಂಶವನ್ನು ಹಿಂಡಿ ಕಳಿಸುವ, ತಪ್ಪಾದದ್ದನ್ನು ತಾನೇ ತಿದ್ದಿಕೊಳ್ಳುವ ಮೋಡೆಮ್‌ಗಳು ಬಂದವು. ಫೋನ್ ತಂತಿಯ ಮೇಲೆ ವೇಗ 14,400 ಇದ್ದರೂ, ಹಿಂಡಿದ್ದು ಬಿಚ್ಚಿಕೊಂಡಾಗ ಕಂಪ್ಯೂಟರಿಗೆ ಅದಕ್ಕಿಂತ ಬೇಗ ಅಕ್ಷರಗಳು ಬರುತ್ತವೆ. ಆದ್ದರಿಂದ ಕಂಪ್ಯೂಟರ್ ಮತ್ತು ಮೋಡೆಮ್ ನಡುವಿನ ಪೋರ್ಟನ್ನು 38,400ರಂಥ ಎತ್ತರದ ವೇಗಕ್ಕೆ ಬಿಗಿದು ಬಿಡುವುದು ರೂಢಿಯಾಯಿತು. ಒಂದು ಕರೆಗೆ ಈಗ ಎರಡು ವೇಗ.

ಕ್ಯಾಲಿಫೋರ್ನಿಯಾದ ವೇಯ್ನ್ ಬೆಲ್ 1984ರಲ್ಲಿ, ಇನ್ನೂ ಹೈಸ್ಕೂಲಿನಲ್ಲಿದ್ದಾಗ ಬರೆಯತೊಡಗಿದ ‘ಡಬ್ಲ್ಯೂಡಬ್ಲ್ಯೂಐವಿ’ ತಂತ್ರಾಂಶದ ಆಪ್ಷನ್ ಪಟ್ಟಿಯಲ್ಲಿ ಈ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಅಲ್ಲಿ ‘-ಬಿ’ ಎಂದರೆ ಬಂದವರ ಸಂಪರ್ಕದ ವೇಗ. ಅದರ ಜೊತೆಗೆ ಮಾತ್ರ ಬಳಸಬೇಕಾದ ‘-ಎಸ್’ ಎಂದರೆ ಪೋರ್ಟಿನ ವೇಗ. ಒಂದು ಅಕ್ಷರ ಸಾಲದೆ ಪಕ್ಕದಲ್ಲಿ ಇನ್ನೊಂದು ಅಕ್ಷರ ಬಂದು ನಿಂತದ್ದು ತಂತ್ರಜ್ಞಾನ ಒಂದು ಹೆಜ್ಜೆ ಮುಂದೆ ಹೋದ ಗುರುತು.

ಈ ತಂತ್ರಾಂಶದ ಉಳಿದ ಆಪ್ಷನ್‌ಗಳನ್ನು ಓದುತ್ತಾ ಹೋದರೆ ಸಿಸಾಪ್‌ಗಳ ದಿನಚರಿಯೇ ತೆರೆದುಕೊಳ್ಳುತ್ತದೆ. ‘-ಎಂ’ ಕೊಟ್ಟರೆ ಮೋಡೆಮನ್ನು ಮುಟ್ಟಬೇಡ ಎಂದರ್ಥ: ಮನೆಯವರು ಫೋನಿನಲ್ಲಿ ಮಾತಾಡುವಾಗ ಸಿಸಾಪ್ ತನ್ನ ಬೋರ್ಡಿನೊಳಗೆ ಹೋಗಿ ಕಸ ಗುಡಿಸಲು ಬೇಕಾದ ಆಪ್ಷನ್ ಅದು. ‘-ಓ’ ಎಂದರೆ ಒಬ್ಬರು ಬಂದು ಹೋದ ಕೂಡಲೇ ನೀನೂ ಮುಗಿಸಿ ಹೊರಡು. ಬಾಗಿಲ ಕಾವಲಿನ ತಂತ್ರಾಂಶಕ್ಕೆ ಜಾಗ ಬಿಟ್ಟುಕೊಡಲು ಇದು ಬೇಕು. ‘-ಇ’ ಎಂದರೆ ಯಾರನ್ನೂ ಒಳಗೆ ಬಿಡದೆ ಗೊತ್ತುಪಡಿಸಿದ ಕೆಲಸವಷ್ಟನ್ನೇ ಮಾಡು. ‘-ಜೆಡ್’ ಎಂದರೆ ಬಂದವರು ವಿದಾಯ ಹೇಳಿದರೂ ಫೋನನ್ನು ಕೆಳಗಿಡಬೇಡ. ‘-ಆರ್’ ಜೊತೆಗಿನ ಸಂಖ್ಯೆ ಮುಂದಿನ ಕೆಲಸಕ್ಕೆ ಎಷ್ಟು ನಿಮಿಷವಿದೆ ಎನ್ನುತ್ತದೆ. ಮ್ಯಾಕ್ಸಿಮಸ್‌ನ ‘ಟಿ’ಗೆ ಇಲ್ಲಿ ಇಟ್ಟ ಹೆಸರು ಅದು.

ಎರಡನೆಯ ಲೈನು ಬಂದ ಮೇಲೆ

ಬೋರ್ಡು ಜನಪ್ರಿಯವಾದರೆ ಲೈನು ಸದಾ ಎಂಗೇಜು. ಸಿಸಾಪ್ ಇನ್ನೊಂದು ಲೈನು ಹಾಕಿಸುತ್ತಿದ್ದರು, ಜೊತೆಗೆ ಇನ್ನೊಂದು ಮೋಡೆಮ್. ಹೀಗೆ ಸೇರಿದ ಒಂದೊಂದು ದಾರಿಗೂ ‘ನೋಡ್’ ಎಂದು ಹೆಸರು, ಅದಕ್ಕೊಂದು ಆಪ್ಷನ್: ‘-ಎನ್1’, ‘-ಎನ್2’.

ಬರೀ ಸಂಖ್ಯೆಯಂತೆ ಕಂಡರೂ ಅದರ ಹಿಂದೆ ದೊಡ್ಡ ಅಪಾಯವೊಂದಿತ್ತು. ಒಂದೇ ಸಂದೇಶದ ಕಡತಕ್ಕೆ ಇಬ್ಬರು ಒಂದೇ ಕ್ಷಣದಲ್ಲಿ ಬರೆದರೆ ಕಡತ ಕಲಸಿ ಹೋಗುತ್ತದೆ. ಅದಕ್ಕಾಗಿ ಡಾಸ್‌ನಲ್ಲಿ ‘ಶೇರ್’ ಎಂಬ ಪ್ರೋಗ್ರಾಮನ್ನು ಮೊದಲೇ ಚಾಲೂ ಮಾಡಿಟ್ಟಿರಬೇಕು. ಒಬ್ಬರು ಬರೆಯುತ್ತಿರುವಾಗ ಇನ್ನೊಬ್ಬರನ್ನು ತಡೆಯುವ ಬೀಗಗಳ ಲೆಕ್ಕ ಇಡುವುದು ಅದರ ಕೆಲಸ. ಅದಕ್ಕೂ ಆಪ್ಷನ್ ಇತ್ತು. ಏನೂ ಹೇಳದಿದ್ದರೆ ಅದು 20 ಬೀಗಗಳಿಗಷ್ಟೇ ಜಾಗ ಇಡುತ್ತಿತ್ತು. ‘/ಎಲ್’ ಎಂದು ಬರೆದು ಅದನ್ನು ಹೆಚ್ಚಿಸಿಕೊಳ್ಳಬೇಕಿತ್ತು. ಒಂದೇ ಯಂತ್ರದಲ್ಲಿ ಎರಡು ನೋಡ್ ನಡೆಸುವವರು ಕ್ವಾರ್ಟರ್‌ಡೆಕ್ ಕಂಪನಿಯ ಡೆಸ್ಕ್‌ವ್ಯೂ ಅಥವಾ ಐಬಿಎಂನ ಓಎಸ್/2 ಬಳಸಿ ಡಾಸ್‌ನ ಒಂಟಿತನವನ್ನು ಮೀರಿದರು.

ಓರೆಗೆರೆ (/), ಅಡ್ಡಗೆರೆ (-) ಎರಡೂ ಒಂದೇ ಪರದೆಯ ಮೇಲೆ ಏಕೆ ಎಂದು ಕೇಳಿದರೆ ಅದಕ್ಕೂ ಇತಿಹಾಸವಿದೆ. ಡಾಸ್ ತನ್ನ ಆಪ್ಷನ್‌ಗಳಿಗೆ ಓರೆಗೆರೆಯನ್ನು ಆರಿಸಿಕೊಂಡಿತ್ತು. ಹಾಗಾಗಿಯೇ 1983ರಲ್ಲಿ ಡಾಸ್ 2.0ಕ್ಕೆ ಫೋಲ್ಡರುಗಳು ಬಂದಾಗ ಅವುಗಳ ಹೆಸರು ಬರೆಯಲು ಎದುರು ದಿಕ್ಕಿಗೆ ವಾಲಿದ ಗೆರೆ ಬಳಸಬೇಕಾಯಿತು. ಅಡ್ಡಗೆರೆ ಯುನಿಕ್ಸ್ ಎಂಬ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯ ಕಡೆಯಿಂದ ಬಂದ ರೂಢಿ. ಬಿಬಿಎಸ್ ತಂತ್ರಾಂಶ ಬರೆದವರಲ್ಲಿ ಸಿ ಭಾಷೆ ಕಲಿತವರು ಬಹಳ ಮಂದಿ ಇದ್ದರು, ಅದರ ಜೊತೆಗೇ ಈ ಗೆರೆಯೂ ಅವರ ಕೈಗೆ ಬಂತು. ಎರಡರಲ್ಲಿ ಯಾವುದನ್ನು ಬಳಸಿದರೂ ಪ್ರೋಗ್ರಾಮಿನ ಹೆಸರಿನ ನಂತರ ಬರೆಯಬಹುದಾದದ್ದು 127 ಅಕ್ಷರಗಳನ್ನು ಮೀರುವಂತಿರಲಿಲ್ಲ. ಆಪ್ಷನ್‌ಗಳೆಲ್ಲ ಒಂದೊಂದೇ ಅಕ್ಷರದ್ದಾಗಿ ಉಳಿದದ್ದು ಇಂಥ ಬಿಗಿ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತಿತ್ತು.

ಮರೆತರೆ ಮನೆ ಸೂರೆ

ಬೋರ್ಡಿಗೆ ಬಂದವರು ಫೈಲು ಇಳಿಸಿಕೊಳ್ಳುವಾಗ ಕೆಲಸ ಮತ್ತೊಂದು ಪ್ರೋಗ್ರಾಮಿನ ಕೈಗೆ ಹೋಗುತ್ತಿತ್ತು. ಒರೆಗಾನ್ ರಾಜ್ಯದ ಚಕ್ ಫೋರ್ಸ್‌ಬರ್ಗ್ 1986ರಲ್ಲಿ ರೂಪಿಸಿದ ಝೀಮೋಡೆಮ್ ಎಂಬ ಫೈಲು ಸಾಗಣೆಯ ವಿಧಾನ ಆ ಕಾಲದ ದೊಡ್ಡ ವರ. ಲೈನು ಕಡಿದು ಹೋದರೆ ಫೈಲನ್ನು ಮತ್ತೆ ಮೊದಲಿನಿಂದ ಇಳಿಸಬೇಕಿರಲಿಲ್ಲ, ನಿಂತಲ್ಲಿಂದಲೇ ಮುಂದುವರಿಸಬಹುದಿತ್ತು. ಅವರೇ ಬರೆದ ‘ಡಿಎಸ್‌ಝಡ್’ ಪ್ರೋಗ್ರಾಂ ಅಸಂಖ್ಯ ಬೋರ್ಡುಗಳಲ್ಲಿ ಕೂಲಿಯಾಳಿನಂತೆ ದುಡಿಯಿತು. ಅದರ ಆಜ್ಞೆಗಳು ಅಕ್ಷರಗಳಲ್ಲ, ಇಡೀ ಪದಗಳು: ‘ಪೋರ್ಟ್ 1 ಸ್ಪೀಡ್ 19200 ಎಸ್‌ಝಡ್’ ಎಂದು ಬರೆದು ಫೈಲಿನ ಹೆಸರು ಸೇರಿಸಿದರೆ ಕಳಿಸುತ್ತದೆ, ‘ಆರ್‌ಝಡ್’ ಎಂದರೆ ಪಡೆಯುತ್ತದೆ.

ಪಡೆಯುವ ಆಜ್ಞೆಯ ಮುಂದೆ ಸೇರಿಸಬೇಕಾದ ಇನ್ನೊಂದು ಪದವಿತ್ತು, ‘ರಿಸ್ಟ್ರಿಕ್ಟ್’. ಝೀಮೋಡೆಮ್‌ನಲ್ಲಿ ಫೈಲಿನ ಹೆಸರನ್ನು ಹೇಳುವವರು ಕಳಿಸುವವರು. ಕೆಟ್ಟ ಬುದ್ಧಿಯವರು ಆ ಹೆಸರಿನ ಜೊತೆ ಫೋಲ್ಡರಿನ ದಾರಿಯನ್ನೂ ಸೇರಿಸಿ ಕಳಿಸಿದರೆ, ಫೈಲು ಅಪ್‌ಲೋಡಿನ ಜಾಗ ಬಿಟ್ಟು ಸಿಸಾಪ್‌ನ ಸ್ವಂತ ಕಡತಗಳ ಮೇಲೆಯೇ ಹೋಗಿ ಕೂರಬಹುದಿತ್ತು. ರಿಸ್ಟ್ರಿಕ್ಟ್ ಎಂಬ ಒಂದು ಪದ ಇದ್ದರೆ ಬಂದ ಫೈಲು ಇರುವ ಜಾಗ ಬಿಟ್ಟು ಹೊರಗೆ ಹೋಗದು, ಈಗಾಗಲೇ ಇರುವ ಕಡತವನ್ನು ಅಳಿಸದು. ಒಂದು ಪದದ ಮರೆವಿಗೆ ವರ್ಷಗಟ್ಟಲೆ ಕಟ್ಟಿದ ಬೋರ್ಡು ತೆರ ಕಟ್ಟಬೇಕಾಗಿತ್ತು. ಆದ್ದರಿಂದಲೇ ಅನುಭವಿ ಸಿಸಾಪ್‌ಗಳು ಹೊಸಬರ ಬ್ಯಾಚ್ ಫೈಲನ್ನು ಓದುವಾಗ ಮೊದಲು ಹುಡುಕುತ್ತಿದ್ದದ್ದು ಆ ಪದವನ್ನು.

ಬಂದ ಫೈಲನ್ನು ಬೋರ್ಡಿನಲ್ಲಿ ಇಡುವ ಮೊದಲು ‘ಪಿಕೆಅನ್‌ಝಿಪ್ -ಟಿ’ ಎಂದು ಪರೀಕ್ಷಿಸುವುದೂ ರೂಢಿಯಲ್ಲಿತ್ತು. ಇಲ್ಲಿನ ‘ಟಿ’ ಟೈಮ್ ಅಲ್ಲ, ಟೆಸ್ಟ್. ಝಿಪ್ ಕಡತ ದಾರಿಯಲ್ಲಿ ಮುರಿದಿಲ್ಲ ತಾನೆ ಎಂದು ನೋಡುವ ಆಪ್ಷನ್. ಪ್ರತಿ ಪ್ರೋಗ್ರಾಮಿಗೂ ಅದರದೇ ನಿಘಂಟು, ಅಷ್ಟೂ ಸಿಸಾಪ್‌ನ ತಲೆಯಲ್ಲಿ.

ಬೆಂಗಳೂರಿನ ಒಂದು ಬೋರ್ಡು

ಭಾರತದಲ್ಲಿ ಈ ಹವ್ಯಾಸ ಬೆಳೆದದ್ದು ಇನ್ನೂ ಕಷ್ಟದ ನೆಲದಲ್ಲಿ. ಫೋನ್ ಸಂಪರ್ಕಕ್ಕೆ ವರ್ಷಗಟ್ಟಲೆ ಕಾಯುತ್ತಿದ್ದ ದಿನಗಳು. ಸಿಕ್ಕಿದ ಲೈನನ್ನು ಕಂಪ್ಯೂಟರಿಗೆ ಬಿಟ್ಟುಕೊಡುವುದು ಸುಲಭವಿರಲಿಲ್ಲ. ಹಾಗಿದ್ದೂ ಮುಂಬೈಯಲ್ಲಿ, ಬೆಂಗಳೂರಿನಲ್ಲಿ ಬೋರ್ಡುಗಳು ಎದ್ದವು. ಬೆಂಗಳೂರಿನ ಹೆಸರುವಾಸಿ ಬೋರ್ಡು ಅತುಲ್ ಚಿಟ್ನಿಸ್ ನಡೆಸಿದ ‘ಸಿಕ್ಸ್’. ಇಂಟರ್‌ನೆಟ್ ಸಾರ್ವಜನಿಕರ ಕೈಗೆ ಬರುವ ಮೊದಲೇ ಅದು ನಗರದ ಕಂಪ್ಯೂಟರ್ ಆಸಕ್ತರನ್ನು ಮೋಡೆಮ್ ಮೂಲಕ ಒಂದೆಡೆ ಸೇರಿಸಿತ್ತು. 1990ರ ದಶಕದ ನಡುವೆ ಸರ್ಕಾರ ಬಿಬಿಎಸ್‌ಗಳ ಮೇಲೆ ಲಕ್ಷಗಟ್ಟಲೆ ರೂಪಾಯಿಯ ಪರವಾನಗಿ ಶುಲ್ಕ ಹೇರಲು ಹೊರಟಾಗ ದೇಶದ ಹವ್ಯಾಸಿಗಳು ದನಿ ಎತ್ತಿದರು. ಲಾಭಕ್ಕಲ್ಲದೆ, ಸ್ವಂತ ಲೈನಿನಲ್ಲಿ, ಸ್ವಂತ ಖರ್ಚಿನಲ್ಲಿ ನಡೆಯುತ್ತಿದ್ದ ಬೋರ್ಡುಗಳಿಗೆ ಅದು ತೆರಲಾಗದ ಬೆಲೆ.

1995ರ ಆಗಸ್ಟ್ 15ರಂದು ಸರ್ಕಾರಿ ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ತೆರೆಯಿತು. ಮರುವರ್ಷ ‘ಪಿಸಿಕ್ವೆಸ್ಟ್’ ಪತ್ರಿಕೆ ತನ್ನ ಸಂಚಿಕೆಯ ಜೊತೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಸಿಡಿ ಹಂಚಿತು. ಆ ಕೆಲಸದ ಮುಂದಾಳು ಅದೇ ಚಿಟ್ನಿಸ್. ಬೋರ್ಡು ನಡೆಸಿ ಕಮಾಂಡ್ ಲೈನ್ ಪಳಗಿದ್ದವರಿಗೆ ಲಿನಕ್ಸ್‌ನ ಕಪ್ಪು ಪರದೆ ಅಪರಿಚಿತವಾಗಿ ಕಾಣಲಿಲ್ಲ. 2001ರಲ್ಲಿ ಶುರುವಾಗಿ ಮುಂದೆ ‘ಫಾಸ್ ಡಾಟ್ ಇನ್’ ಆದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನದ ಹಿಂದೆಯೂ ಅವರ ದುಡಿಮೆ ಇತ್ತು. 2013ರ ಜೂನ್ 3ರಂದು ಅವರು ತೀರಿಕೊಂಡರು. ಮೋಡೆಮ್ ಕಾಲದ ಒಂದು ಮನೆಯ ಬೋರ್ಡಿನಿಂದ ಮುಕ್ತ ತಂತ್ರಾಂಶದ ಸಮ್ಮೇಳನದವರೆಗಿನ ಆ ದಾರಿ ಬೆಂಗಳೂರಿನ ಕಂಪ್ಯೂಟರ್ ಚರಿತ್ರೆಯಲ್ಲಿ ಇನ್ನೂ ಹೆಚ್ಚು ಜಾಗ ಪಡೆಯಬೇಕು.

ಬಾಡ್ ಹೋಗಿ ಹ್ಯಾಂಡಲ್ ಬಂತು

ಬಿಬಿಎಸ್‌ಗಳು ಪೂರ್ತಿ ಅಳಿದಿಲ್ಲ. ಫೋನಿನ ಬದಲು, ದೂರದ ಕಂಪ್ಯೂಟರನ್ನು ತಲುಪುವ ಟೆಲ್‌ನೆಟ್ ಮತ್ತು ಎಸ್‌ಎಸ್‌ಎಚ್ ಎಂಬ ವಿಧಾನಗಳ ಮೂಲಕ ಇಂಟರ್‌ನೆಟ್‌ನಲ್ಲಿ ಇಂದಿಗೂ ಹಲವು ಬೋರ್ಡುಗಳು ತೆರೆದಿವೆ. ಡಬ್ಲ್ಯೂಡಬ್ಲ್ಯೂಐವಿ ಈಗ ಮುಕ್ತ ತಂತ್ರಾಂಶ, ಈಗಲೂ ಬೆಳೆಯುತ್ತಿದೆ. ಅದರ ಇಂದಿನ ಆಪ್ಷನ್‌ಗಳಲ್ಲಿ ‘-ಎಕ್ಸ್‌ಟಿ’ ಎಂದರೆ ಬಂದವರು ಟೆಲ್‌ನೆಟ್ ಮೂಲಕ ಬಂದಿದ್ದಾರೆ, ‘-ಎಕ್ಸ್‌ಎಸ್’ ಎಂದರೆ ಎಸ್‌ಎಸ್‌ಎಚ್ ಮೂಲಕ. ಜೊತೆಗೆ ‘-ಎಚ್’ ಎಂಬ ಅಕ್ಷರ, ಅದರ ಬೆನ್ನಿಗೊಂದು ಸಂಖ್ಯೆ. ಕಾವಲಿನ ಪ್ರೋಗ್ರಾಂ ತೆರೆದ ಸಂಪರ್ಕದ ಹಿಡಿಕೆ, ಅಂದರೆ ಹ್ಯಾಂಡಲ್, ಆ ಸಂಖ್ಯೆ. ಅದನ್ನು ಹಿಡಿದುಕೊಂಡು ಬೋರ್ಡು ಬಂದವರ ಜೊತೆ ಮಾತು ಮುಂದುವರಿಸುತ್ತದೆ. ಮೂವತ್ತೈದು ವರ್ಷಗಳ ಹಿಂದೆ ಪೋರ್ಟು, ಬಾಡ್ ಎಂದು ದಾಟಿಸುತ್ತಿದ್ದ ಸುದ್ದಿಯ ಜಾಗದಲ್ಲಿ ಈಗ ಹ್ಯಾಂಡಲ್ ಕೂತಿದೆ. ಬಾಗಿಲು ತೆರೆದವನು ಒಳಗಿನವನಿಗೆ ಅತಿಥಿಯನ್ನು ಒಪ್ಪಿಸುವ ಕ್ರಮ ಮಾತ್ರ ಹಾಗೆಯೇ ಇದೆ.

1990ರ ದಶಕದ ಆರಂಭದಲ್ಲಿ ರಾಬ್ ಸ್ವಿಂಡೆಲ್ ಬರೆದ ಸಿಂಕ್ರೊನೆಟ್ ಇಂದು ಹೆಚ್ಚು ಬಳಕೆಯಲ್ಲಿರುವ ಬಿಬಿಎಸ್ ತಂತ್ರಾಂಶಗಳಲ್ಲೊಂದು. ಲಿನಕ್ಸ್‌ನಲ್ಲಿ ಅದನ್ನು ಚಾಲೂ ಮಾಡುವಾಗ ಆಪ್ಷನ್‌ಗಳಿಗೆ ಅಡ್ಡಗೆರೆಯೂ ಬೇಕಿಲ್ಲ. ‘ಟಿಎಫ್’ ಮತ್ತು ‘ಟಿಎಲ್’ ಟೆಲ್‌ನೆಟ್‌ಗೆ ಮೀಸಲಾದ ಮೊದಲ ಹಾಗೂ ಕೊನೆಯ ನೋಡ್ ಸಂಖ್ಯೆ ಹೇಳುತ್ತವೆ. ‘ಟಿಪಿ’ ಟೆಲ್‌ನೆಟ್ ಪೋರ್ಟು. ‘ಎನ್‌ಇ’ ಕೊಟ್ಟರೆ ಗೊತ್ತುಪಡಿಸಿದ ಹೊತ್ತಿನ ಕೆಲಸಗಳು ನಡೆಯುವುದಿಲ್ಲ. ‘ಡಿ’ ಕೊಟ್ಟರೆ ಪರದೆಯ ಹಂಗಿಲ್ಲದೆ ಹಿನ್ನೆಲೆಯಲ್ಲಿ ಓಡುತ್ತದೆ.

‘ಯುಎನ್’ ಎಂಬುದಕ್ಕೆ ಇಲ್ಲಿ ವಿಶೇಷ ಮಹತ್ವ. ಟೆಲ್‌ನೆಟ್‌ನ ಗೊತ್ತಾದ ಪೋರ್ಟು 23. ಯುನಿಕ್ಸ್ ಸಂಪ್ರದಾಯದಲ್ಲಿ 1024ಕ್ಕಿಂತ ಕೆಳಗಿನ ಪೋರ್ಟು ತೆರೆಯುವ ಅಧಿಕಾರ ಯಂತ್ರದ ಸರ್ವಾಧಿಕಾರಿಯಾದ ರೂಟ್‌ಗೆ ಮಾತ್ರ. ಆದರೆ ಊರವರೆಲ್ಲ ಬಂದು ಹೋಗುವ ಬೋರ್ಡನ್ನು ರೂಟ್ ಹೆಸರಿನಲ್ಲಿ ನಡೆಸಿದರೆ, ತಂತ್ರಾಂಶದಲ್ಲಿ ಒಂದು ಸಣ್ಣ ಬಿರುಕಿದ್ದರೂ ಇಡೀ ಯಂತ್ರ ಪರರ ಪಾಲು. ಅದಕ್ಕಾಗಿ ಸಿಂಕ್ರೊನೆಟ್ ಮೊದಲು ರೂಟ್ ಆಗಿ ಎದ್ದು 23ನೆಯ ಬಾಗಿಲು ತೆರೆಯುತ್ತದೆ. ಬಳಿಕ ‘ಯುಎನ್’ ಜೊತೆ ಹೇಳಿದ ಸಾಮಾನ್ಯ ಬಳಕೆದಾರನ ವೇಷಕ್ಕೆ ಇಳಿದು ಉಳಿದ ಕೆಲಸ ಮಾಡುತ್ತದೆ. ಬೀಗ ತೆರೆದ ಮೇಲೆ ಕೀಲಿಗೊಂಚಲನ್ನು ಮನೆಯೊಳಗೆ ಇಟ್ಟು ಬಂದು ಜಗಲಿಯಲ್ಲಿ ಕೂರುವ ಜಾಗ್ರತೆ ಇದು.

ಡಾಸ್ ಕಾಲಕ್ಕೂ ಈಗಿನ ಕಾಲಕ್ಕೂ ಇನ್ನೊಂದು ವ್ಯತ್ಯಾಸವಿದೆ. ಅಂದಿನ ಯಂತ್ರಕ್ಕೆ ಒಬ್ಬರೇ ಒಡೆಯರು, ಕಮಾಂಡ್ ಲೈನಿನಲ್ಲಿ ಗುಟ್ಟಿನ ಪದ ಬರೆದರೂ ಓದುವವರಿರಲಿಲ್ಲ. ಹಲವರು ಹಂಚಿಕೊಂಡ ಲಿನಕ್ಸ್ ಯಂತ್ರದಲ್ಲಿ ‘ಪಿಎಸ್’ ಎಂದು ಕೇಳಿದರೆ ಸಾಮಾನ್ಯವಾಗಿ ಓಡುತ್ತಿರುವ ಪ್ರತಿ ಪ್ರೋಗ್ರಾಮಿನ ಆಪ್ಷನ್‌ಗಳೂ ಎಲ್ಲರಿಗೂ ಕಾಣುತ್ತವೆ. ಹಾಗಾಗಿ ಗುಟ್ಟುಗಳು ಸಾಲಿನಿಂದ ಸರಿದು ಸೆಟ್ಟಿಂಗ್ ಕಡತಗಳ ಒಳಗೆ ಸೇರಿದವು.

ಮ್ಯಾಕ್ಸಿಮಸ್‌ನ ಮೂಲಸಂಕೇತವನ್ನು ಅದರ ಕರ್ತೃ 2002ರಲ್ಲಿ ಮುಕ್ತ ಪರವಾನಗಿಯಡಿ ಎಲ್ಲರಿಗೂ ಕೊಟ್ಟರು. ರ‍್ಯಾಂಡಿ ಸ್ಯೂಸ್ 2019ರ ಡಿಸೆಂಬರಿನಲ್ಲಿ ತೀರಿಕೊಂಡರು, ವಾರ್ಡ್ ಕ್ರಿಸ್ಟೆನ್ಸನ್ 2024ರ ಅಕ್ಟೋಬರಿನಲ್ಲಿ. ಜೇಸನ್ ಸ್ಕಾಟ್ 2005ರಲ್ಲಿ ಹೊರತಂದ ‘ಬಿಬಿಎಸ್: ದಿ ಡಾಕ್ಯುಮೆಂಟರಿ’ ಆ ಪೀಳಿಗೆಯ ಅನೇಕರ ಮಾತನ್ನು ಉಳಿಸಿದೆ. ತಂತ್ರಾಂಶಗಳ ಹಳೆಯ ಕೈಪಿಡಿಗಳೂ ಉಳಿದಿವೆ. ಅವುಗಳ ಕೊನೆಯ ಪುಟಗಳಲ್ಲಿ ಆಪ್ಷನ್‌ಗಳ ಪಟ್ಟಿ ಅಕ್ಷರಮಾಲೆಯ ಕ್ರಮದಲ್ಲಿ ನಿಂತಿದೆ.

ಆ ಪಟ್ಟಿಯನ್ನು ಹಿಡಿದು ಹೊಸ ಬೋರ್ಡು ಕಟ್ಟುವವರು ಮೊದಲು ‘-ಎಂ’ ಸೇರಿಸಿ ಡಬ್ಲ್ಯೂಡಬ್ಲ್ಯೂಐವಿಯನ್ನು ಎಬ್ಬಿಸುತ್ತಿದ್ದರು. ಮೋಡೆಮ್ ಸುಮ್ಮನಿರುತ್ತದೆ, ಪರದೆ ಹೆಸರು ಕೇಳುತ್ತದೆ. ‘ನ್ಯೂ’ ಎಂದು ಟೈಪಿಸಿದರೆ ಹೆಸರು, ಊರು, ಫೋನ್ ನಂಬರ್ ಬರೆದುಕೊಂಡು ಬಳಕೆದಾರ ಸಂಖ್ಯೆ 1 ಎಂದು ದಾಖಲಿಸುತ್ತದೆ. ಒಳಗೆ ಒಂದು ಸಂದೇಶವೂ ಇಲ್ಲ. ಸಿಸಾಪ್ ಸ್ವಾಗತದ ನಾಲ್ಕು ಸಾಲು ಬರೆದು, ಹೊರಬಂದು, ಬ್ಯಾಚ್ ಫೈಲಿನಿಂದ ‘-ಎಂ’ ಅಳಿಸಿ, ಫೋನಿನ ತಂತಿಯನ್ನು ಮೋಡೆಮ್‌ಗೆ ಸಿಕ್ಕಿಸಿ, ಮಾನಿಟರ್ ಆರಿಸಿ ಮಲಗಲು ಹೋಗುತ್ತಿದ್ದರು.